ಅಳಿಯನ ಪಕ್ಕ ಅತ್ತೆಯಿಲ್ಲದ ಫೋಟೊ

ನಬ್ಬೋಸಾಳ ವೀಸಾ ಅರ್ಜಿ ಒಮ್ಮೆ ಬಿದ್ದುಹೋಗಿತ್ತು. ಒಂದು ಫೋಟೊದಲ್ಲೂ ಅಳಿಯನ ಪಕ್ಕ ಹುಡುಗಿಯ ತಾಯಿ ಇಲ್ಲ, ಮದುವೆ ನಿಜವೆಂದು ನಂಬುವುದು ಹೇಗೆ ಎಂದು ವೀಸಾ ಕಚೇರಿಯವರು ಕೇಳಿದ್ದರು. ಈ ಎರಡನೆಯದೂ ಬಿದ್ದರೆ ಗಂಡ ಸೆಂಪಾಲ ಕೆನಡಾದ ವಿನ್ನಿಪೆಗ್‌ನಲ್ಲಿ, ಅವಳು ಉಗಾಂಡದ ಮಸಾಕದಲ್ಲಿ. ಹೊಟ್ಟೆಯಲ್ಲಿರುವ ಕೂಸು ಅಪ್ಪನನ್ನು ಫೋನಿನಲ್ಲೇ ನೋಡಬೇಕು.

ಸಂಬಂಧದ ವಿವರ ಒಂದೇ ಪುಟದಲ್ಲಿರಬೇಕಿತ್ತು. ಅರ್ಜಿ ಬರೆಯುವ ಕಲೂಲೆ ಲ್ಯಾಪ್‌ಟಾಪ್ ಹೊತ್ತು ಮನೆಗೇ ಬಂದು, ಮೊದಲ ನೋಟದ ಪ್ರೇಮಕ್ಕೇ ಅರ್ಧ ಪುಟ ಸುರಿದಿದ್ದ. ಸೆಂಪಾಲ ಹೇಗೂ ರಜೆಯಲ್ಲಿ ಬಂದಿದ್ದಾನೆ, ಅತ್ತೆ ಅಳಿಯ ಒಟ್ಟಿಗೆ ನಿಂತರೆ ಒಂದು ಫೋಟೊ, ಕೆಲಸ ಮುಗಿಯಿತು ಎಂದ.

ಅತ್ತೆ ಅಳಿಯನ ಹತ್ತಿರ ಹೋದರೆ ಕೈ ನಡುಗುವ ರೋಗ ಬರುತ್ತದೆಂಬುದು ಅಲ್ಲಿ ಎಲ್ಲರಿಗೂ ಗೊತ್ತು. ಆದರೂ ಒಳಕೋಣೆಯ ಪರದೆಯ ಹಿಂದಿನಿಂದ ನಬ್ಬೋಸಾಳ ತಾಯಿ ಹೇಳಿದಳು: "ತೆಗೀಲಿ ಬಿಡು. ನಡುಗಿದ್ರೆ ನಡುಗ್ಲಿ, ಈ ಕೈಲಿ ಇನ್ನೇನ್ ಮಾಡೋದಿದೆ?"

ಹಳದಿ ಗೋಮೆಸಿ ನಿಲುವಂಗಿ ತೊಟ್ಟು ತಾಯಿ ಹೊಸಿಲಿಗೆ ಬಂದದ್ದೇ ತಡ, ಅಂಗಳದಲ್ಲಿದ್ದ ಸೆಂಪಾಲ ಬೆನ್ನು ತಿರುಗಿಸಿ ಹಲಸಿನ ಮರದತ್ತ ನಡೆದುಬಿಟ್ಟ.

"ಅಮ್ಮನ್ನ ಒಳಗೆ ಕರ್ಕೊಂಡ್ಹೋಗು," ಎಂದ ಹೆಂಡತಿಗೆ. "ನೀನು ಬೇಕು ನಂಗೆ. ಹಂಗಂತ ಅವ್ರ ಕೈ ಕಳೆದು ಕರ್ಕೊಂಡ್ಹೋಗಲ್ಲ."

ನಬ್ಬೋಸಾಳಿಗೆ ಸಿಟ್ಟು ಬಂತು. ಹೆರಿಗೆಗೂ ನೀನಿರಲ್ಲ, ಮರ್ಯಾದೆ ಇಟ್ಕೊಂಡು ಕೂತಿರು ಎಂದಳು. ಅವನು ತಿರುಗಲಿಲ್ಲ. ಆ ಬೆನ್ನನ್ನು ನೋಡಿ ಅವಳು ಒಳಗೆ ಬಂದು ಕಲೂಲೆಯ ಪ್ರೇಮವನ್ನೆಲ್ಲ ಅಳಿಸಿ ತಾನೇ ಬರೆದಳು:

'ನನ್ನ ತಾಯಿ ನನ್ನ ಗಂಡನ ಪಕ್ಕ ಎಂದೂ ನಿಂತಿಲ್ಲ. ನಮ್ಮಲ್ಲಿ ಅಳಿಯ ಅತ್ತೆಗೆ ಕೊಡುವ ಗೌರವ ಅದು. ಅವನು ಬಂದಾಗಲೆಲ್ಲ ಅವಳು ಬಾಳೆಲೆಯಲ್ಲಿ ಕೋಳಿ ಕಟ್ಟಿ ಬೇಯಿಸಿ ಕಳಿಸುತ್ತಾಳೆ. ಫೋಟೊ ತೆಗೆಸಲು ಇಂದು ಅವಳು ಒಪ್ಪಿದಳು. ಅವನು ಒಪ್ಪಲಿಲ್ಲ.'

"ಇದನ್ನ ಓದಿ ಅವ್ರು ನಗ್ತಾರೆ, ತಂಗಿ," ಎಂದ ಕಲೂಲೆ.

"ನಗ್ಲಿ. ನಿಜ ಇದೇ."

ಏನು ಬರೆದೆಯೆಂದು ತಾಯಿ ಪರದೆಯಾಚೆಯಿಂದ ಕೇಳಿದಳು. ನಬ್ಬೋಸಾ ಓದಿ ಹೇಳಿದಳು.

"ಅಣಬೆ ಹಾಕಿ ಅಂತ ಸೇರ್ಸು. ಶೇಂಗಾ ಸಾರು ಅಳಿಯಂದ್ರಿಗೆ ಸೇರಲ್ಲ. ಮೊದಲ್ನೇ ಸಲ ಎಲೇಲಿ ಹಂಗೇ ವಾಪಸ್ ಬಂದಿತ್ತು."

ನಬ್ಬೋಸಾ ಬೆರಳು ನಿಲ್ಲಿಸಿದಳು. ಮದುವೆಯಾದಾಗಿನಿಂದ ಅವಳು ಅವನಿಗೆ ಬಡಿಸಿದ್ದು ಶೇಂಗಾ ಸಾರೇ. ಸೇರುವುದಿಲ್ಲವೆಂದು ಅವನು ಒಂದು ದಿನವೂ ಬಾಯಿಬಿಟ್ಟಿರಲಿಲ್ಲ.

ಪುಟದಲ್ಲಿ ಇನ್ನೂ ಜಾಗವಿತ್ತು. ಅಣಬೆಯ ಜೊತೆಗೆ ಅವಳು ಅದನ್ನೂ ಬರೆದಳು.