ಬಿಯೆರನನ್ನು ಹಾಡು ಅಂದ ಧಣಿ

"ಇನ್ನೊಂಚೂರು ಬಳ್ಕೊಳ್ಲಾ. ಈ ಮಕ ನೋಡುದ್ರೆ ಬ್ಯಾಂಕ್ ಗುಮಾಸ್ತ ಇದ್ದಂಗದೆ. ಕಾಡುಮನ್ಸನ್ನ ನೋಡ್ಬೇಕು ಅಂತ ಅಷ್ಟು ದೂರದಿಂದ ಬಂದವ್ರೆ ಜನ."

ಹಿಲ್ತುನೆನ್ ಧಣಿ ಬರಿದೆ ಹೇಳಲಿಲ್ಲ. ಒಲೆಯ ಮಸಿಯಲ್ಲಿ ತನ್ನ ಹೆಬ್ಬೆರಳನ್ನೇ ಅದ್ದಿ ಸಮ್ಮೊಲನ ಎರಡೂ ಕೆನ್ನೆಗೆ ತೀಡಿದ. ಬೆಳಿಗ್ಗೆ ತಾನೇ ಸೋಪು ಹಚ್ಚಿ ತೊಳೆದ ಮುಖ. ನಲವತ್ತೈದು ವರ್ಷದ ಗಂಡಸಿಗೆ ಇನ್ನೊಬ್ಬ ಮಸಿ ಬಳಿಯುತ್ತಿರುವಾಗ ಮಾಡಲು ಬೇರೆ ಕೆಲಸವೇನೂ ಇರುವುದಿಲ್ಲ. ಸಮ್ಮೊಲ ಧಣಿಯ ಮೂಗಿನ ಕೂದಲು ನೋಡುತ್ತ ನಿಂತಿದ್ದ.

ಫಿನ್‌ಲ್ಯಾಂಡಿನ ಉತ್ತರದ ತುದಿಯ ಆ ಪ್ರವಾಸಿ ಬಿಡಾರದಲ್ಲಿ ಅವನ ಕೆಲಸ ಸಾಮಿಯವನಾಗಿರುವುದು, ಅಂದರೆ ಆ ಸೀಮೆಯ ಮೂಲನಿವಾಸಿಯಾಗಿರುವುದು. ಹುಟ್ಟಿದ್ದೇ ಸಾಮಿಯವನಾಗಿ, ಇದರಲ್ಲೇನು ಕಷ್ಟ ಎಂದು ಸೇರಿಕೊಂಡಿದ್ದ. ಸೇರಿದ ಮೇಲೆ ತಿಳಿಯಿತು, ಅದಕ್ಕೂ ತರಬೇತಿ ಬೇಕಂತೆ. ನಾಲ್ಕು ಮೂಲೆಯ ಟೋಪಿ, ಕಿಟಕಿ ಪರದೆಯ ಬಟ್ಟೆಯಲ್ಲಿ ಹೊಲಿದ ನೀಲಿ ಅಂಗಿ, ಪ್ಲೈವುಡ್ಡಿನ ತಮಟೆ. ನಮ್ಮ ಭಾಷೆಯಲ್ಲಿ ಹಿಮಕ್ಕೆ ನೂರಾರು ಹೆಸರಿವೆ ಎಂದು ಪ್ರವಾಸಿಗರಿಗೆ ಹೇಳಿ, ಗಂಭೀರವಾಗಿ ಒಂದಷ್ಟು ಉದುರಿಸಬೇಕಿತ್ತು. ಅವನಿಗೆ ಗೊತ್ತಿದ್ದುದು ಮೂರೇ. ಮಿಕ್ಕವೆಲ್ಲ ಸತ್ತ ನೆಂಟರ ಹೆಸರು, ನಾಯಿಗಳ ಹೆಸರು, ಕೆಲವು ಬೈಗುಳ. ಒಬ್ಬ ಜರ್ಮನ್ ಮೇಷ್ಟ್ರು ಅವನ್ನೂ ಬರೆದುಕೊಂಡು ಹೋಗಿದ್ದರು.

ಮಗುವಾಗಿದ್ದಾಗಲೇ ಅವನನ್ನು ಸರಕಾರದ ಹಾಸ್ಟೆಲ್ ಶಾಲೆಗೆ ಒಯ್ದಿದ್ದರು. ಅಲ್ಲಿ ಮನೆಮಾತು ಬಾಯಿಗೆ ಬಂದರೆ ಕಿವಿ ಹಿಂಡಿ ಮೂಲೆಗೆ ನಿಲ್ಲಿಸುತ್ತಿದ್ದರು. ಸಮ್ಮೊಲ ಬೇರೆ ಯಾವ ಪಾಠ ಕಲಿಯದಿದ್ದರೂ ಮರೆಯುವ ಪಾಠ ಚೆನ್ನಾಗಿ ಕಲಿತ. ಆಗ ಆಡಿದರೆ ಏಟು, ಈಗ ಆಡದಿದ್ದರೆ ಕೆಲಸವಿಲ್ಲ ಎಂದು ತಾನೇ ಹೇಳಿಕೊಂಡು ನಗುತ್ತಿದ್ದ. ನಗು ಬಾರದ ದಿನ ಕುಡಿಯುತ್ತಿದ್ದ.

"ಇವತ್ತಿಂದ ಹೊಸ ಹಾಡು," ಎಂದ ಧಣಿ ಬೆರಳು ಒರೆಸಿಕೊಳ್ಳುತ್ತ. "ಅಡಿಗೆಮನೇಲಿ ಆ ಮುದ್ಕಿ ಗುನುಗ್ತಾಳಲ್ಲ, ಅದು."

"ಅದು ಹಾಡಲ್ಲ ಧಣಿ. ಬಿಯೆರ."

ಸಾಮಿ ಜನ ಯಾರ ಬಗ್ಗೆಯೂ ಹಾಡು ಕಟ್ಟುವುದಿಲ್ಲ, ಆ ಮನುಷ್ಯನನ್ನೇ ಹಾಡುತ್ತಾರೆ. ಅದಕ್ಕೆ ಯೋಯ್ಕ್ ಎನ್ನುತ್ತಾರೆ. ಅದರಲ್ಲಿ ಮಾತು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಅವನ ನಡಿಗೆ, ಕೆಮ್ಮು, ಸಿಟ್ಟು ರಾಗದಲ್ಲಿ ಬರಬೇಕು. ಕಟ್ಟಿದವರು ಯಾರೇ ಆಗಲಿ, ಕಟ್ಟಿದ ಮೇಲೆ ಅದು ಹಾಡಿಸಿಕೊಂಡವನ ಸೊತ್ತು. ಬೇಡವೆಂದರೂ ಬಿಡುವುದಿಲ್ಲ, ಸತ್ತರೂ ಬಿಡುವುದಿಲ್ಲ. ಅಡಿಗೆಯ ಮುದುಕಿ ರಿಸ್ತೆನ್ ಆಲೂಗೆಡ್ಡೆ ಸುಲಿಯುತ್ತ ಗುನುಗುತ್ತಿದ್ದುದು ತನ್ನ ಮಗ ಬಿಯೆರನನ್ನು. ಹಾಸ್ಟೆಲಿನಲ್ಲಿ ಸಮ್ಮೊಲನ ಪಕ್ಕದ ಮಂಚದವನು. ಹೋದ ಚಳಿಗಾಲ ಸರೋವರದ ಮಂಜುಗಡ್ಡೆ ಒಡೆದು, ಹಿಮದ ಮೇಲೆ ಓಡಿಸುವ ಸ್ಕೂಟರ್ ಸಮೇತ ನೀರೊಳಗೆ ಹೋಗಿದ್ದ.

"ಯಾರಾದ್ರೇನ್ಲಾ? ಸತ್ತವ್ನು ಬಂದು ಕೇಳ್ತಾನಾ? ಅಳು ಬರಂಗದೆ, ಜನಕ್ಕೆ ಅದೇ ಬೇಕು. ಕ್ಯಾಸೆಟ್ ಮಾಡ್ಸಿ ಬಾಗ್ಲಲ್ಲಿ ಹಾಕಿಸ್ತೀನಿ, ಬಸ್ ಇಳೀತಿದ್ದಂಗೇ ಕೇಳ್ಲಿ. ಮುದ್ಕಿ ಆಗಲ್ಲ ಅಂದ್ಲು. ನೀನೂ ಆಗಲ್ಲ ಅಂದ್ರೆ ಇಬ್ರೂ ಗಂಟುಮೂಟೆ ಕಟ್ಕಂಡು ನಡೀರಿ. ಈ ಟೋಪಿ ಹಾಕ್ಕೊಳಕೆ ನನ್ ತಂಗಿ ಮಗನೇ ಅವ್ನೆ."

"ಆಯ್ತು ಧಣಿ," ಎಂದುಬಿಟ್ಟ ಸಮ್ಮೊಲ. ಆ ಒಂದು ಮಾತು ಮಾತ್ರ ಅವನಿಗೆ ಯಾವ ಭಾಷೆಯಲ್ಲೂ ತಡವರಿಸದೆ ಬರುತ್ತಿತ್ತು.

ಅಡಿಗೆಮನೆಯಲ್ಲಿ ರಿಸ್ತೆನ್ ಹಿಮಸಾರಂಗದ ಮಾಂಸ ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

"ಒಪ್ಕಂಡ್ಯಾ?"

"ಒಪ್ಕಂಡೆ ದೊಡ್ಡವ್ವ."

"ಥೂ, ನಾಯಿ ನನ್ ಮಗ್ನೆ. ನಾಯಿ ಅಂದ್ರೆ ನಾಯಿಗೆ ಬೇಜಾರಾದಾತು. ಅದಾದ್ರೂ ಮಂದೆ ಕಾಯ್ತದೆ. ನೀನೇನ್ ಕಾಯ್ತೀಯ?"

"ಟೋಪಿ ಕಾಯ್ತೀನಿ."

ಅವಳು ನಗಲಿಲ್ಲ. ಚಾಕು ಕೆಳಗಿಟ್ಟಳು. "ನಾನು ಅವುನ್ನ ಹಾಡುದ್ರೆ ಬಂದು ಇಲ್ಲಿ ನನ್ ಪಕ್ಕ ಕೂತ್ಕತಾನೆ ಕಣ್ಲಾ. ನೀನು ಅಲ್ಲಿ ಹಾಡುದ್ರೆ ಅಲ್ಲಿಗೆ ಬತ್ತಾನೆ. ಬಸ್ ಬಂದಾಗೆಲ್ಲ ಬಾಗ್ಲಲ್ಲಿ ನಿಂತ್ಕಂಡು ಕೈ ಮುಗೀಬೇಕಾ ನನ್ ಮಗ?"

"ನಂಗದು ಸರ್ಯಾಗಿ ಬರಾಕಿಲ್ಲ ದೊಡ್ಡವ್ವ. ನಾನ್ ಹಾಡುದ್ರೆ ಬಿಯೆರ ಅಂತ ಯಾರ್ಗೂ ಗೊತ್ತಾಗಾಕಿಲ್ಲ."

"ನಂಗ್ ಗೊತ್ತಾಯ್ತದೆ."

ಸಮ್ಮೊಲನಿಗೆ ತನ್ನ ಮೇಲೆ ತನಗೇ ಹೇಸಿಗೆ ಹುಟ್ಟಿತು. ಆದರೂ ತಮಟೆ ಎತ್ತಿಕೊಂಡು ಹೊರಟ. ಹೇಸಿಗೆ ಅವನಿಗೆ ಹೊಸದಲ್ಲ, ಅದನ್ನು ಇಟ್ಟುಕೊಂಡೇ ಎಷ್ಟೋ ವರ್ಷ ಉಂಡಿದ್ದ.

ಮಧ್ಯಾಹ್ನ ಎರಡಕ್ಕೇ ಹೊರಗೆ ಕತ್ತಲು. ಡೇರೆಯೊಳಗೆ ಬೆಂಕಿಯ ಸುತ್ತ ಪ್ರವಾಸಿಗರು ತೊಗಲಿನ ಮೇಲೆ ಕಾಲು ಮಡಚಲಾಗದೆ ಒದ್ದಾಡುತ್ತಿದ್ದರು. ಧಣಿ ಅವನ ಭುಜದ ಮೇಲೆ ಕೈಯಿಟ್ಟು, ಈತ ನಿಸರ್ಗದ ಕೂಸು, ಗಾಳಿಯ ಜೊತೆ ಮಾತಾಡುತ್ತಾನೆ ಎಂದು ಇಂಗ್ಲಿಷಿನಲ್ಲಿ ಪರಿಚಯಿಸಿದ. ಅದೇ ನಗುಮುಖದಲ್ಲಿ ಫಿನ್ನಿಶ್‌ನಲ್ಲಿ, "ಹೂಂ, ಶುರು ಹಚ್ಕೊಳ್ಲಾ ಕತ್ತೆ," ಎಂದ. ಪ್ರವಾಸಿಗರು ಚಪ್ಪಾಳೆ ತಟ್ಟಿದರು.

ಸಮ್ಮೊಲ ಬಾಯಿ ತೆರೆದ. ಬಿಯೆರ ಗಂಟಲ ತನಕ ಬಂದೇಬಿಟ್ಟ. ಹಾಸ್ಟೆಲಿನಲ್ಲಿ ಹೊದಿಕೆಯೊಳಗೆ ಬಾಯಿ ಮುಚ್ಚಿಕೊಂಡು ನಗುತ್ತಿದ್ದ ಆ ನಗು ಸಮೇತ ಬಂದ. ಡೇರೆಯ ಬಾಗಿಲಲ್ಲಿ ರಿಸ್ತೆನ್ ಸಾರಿನ ಪಾತ್ರೆ ಹಿಡಿದು ನಿಂತಿದ್ದಳು. ಸಮ್ಮೊಲ ಬಿಯೆರನನ್ನು ನುಂಗಿಕೊಂಡ. ಅಳು ಬಂತು, ಅದನ್ನೂ ನುಂಗಿದ.

ಎದುರಿಗೆ ಧಣಿ ಓಡಾಡುತ್ತಿದ್ದ. ಹೊಟ್ಟೆ ಮುಂದೆ, ಅವನು ಹಿಂದೆ. ಎರಡು ಭಾರದ ಹೆಜ್ಜೆ, ಒಂದು ಹಗುರ ಹೆಜ್ಜೆ, ಮೂಗೇರಿಸಿ ಒಂದು ಸೊರ್ ಶಬ್ದ, ಆಮೇಲೆ ಜಾರುವ ಪ್ಯಾಂಟನ್ನು ಮೇಲಕ್ಕೆ ಎಳೆದುಕೊಳ್ಳುವುದು. ಸಮ್ಮೊಲನ ಬಾಯಿ ತಾನಾಗಿ ಹೊರಟಿತು. ಲೋ, ಲೋ, ಲಾ. ಮೂಗಿನಲ್ಲೊಂದು ಎಳೆತ. ಪ್ಯಾಂಟು ಮೇಲೇರುವ ಹಾಗೆ ಕೊನೆಯ ಸ್ವರಕ್ಕೊಂದು ಜಿಗಿತ. ಮರೆತ ಮಾತುಗಳನ್ನು ಹುಡುಕುವ ಅಗತ್ಯವೇ ಬೀಳಲಿಲ್ಲ.

ಬಿಡಾರದ ಹಿಮದ ಸ್ಕೂಟರ್ ಓಡಿಸುವ ಹೆಯ್ಕನೂ ಸಾಮಿಯವನೇ, ಅದು ಧಣಿಯೆಂದು ಎರಡನೇ ಸುತ್ತಿಗೇ ಅವನಿಗೆ ಗೊತ್ತಾಯಿತು. ಕಾಫಿ ಕೊಡುತ್ತಿದ್ದ ಹುಡುಗಿ ಲೋಟ ಚೆಲ್ಲಿದಳು. ಧಣಿಗೆ ಮಾತ್ರ ಗೊತ್ತಾಗಲಿಲ್ಲ, ತಾಳ ಹಾಕುತ್ತಿದ್ದ. ಹಾಡು ಹಿಡಿಯಲು ಮೂಲೆಯಲ್ಲಿಟ್ಟ ಕ್ಯಾಸೆಟ್ ತಿರುಗುತ್ತಿದೆಯೋ ಇಲ್ಲವೋ ನೋಡಲೆಂದು ಡೇರೆ ದಾಟಿ ನಡೆದ. ಹಾಡು ಅವನ ಜೊತೆ ನಡೆಯಿತು. ಅವನು ನಿಂತ, ಹಾಡೂ ನಿಂತಿತು. ಅವನು ಮೂಗೇರಿಸಿದ, ಹಾಡೂ ಏರಿಸಿತು. ಈಗ ಪ್ರವಾಸಿಗರಿಗೂ ತಿಳಿಯಿತು. ಡೇರೆಗೆ ಡೇರೆಯೇ ಬಿದ್ದು ನಕ್ಕಿತು.

"ಏನ್ಲಾ ಅದು?"

"ನೀವು, ಧಣಿ."

"ಏನಂದೆ?"

"ನೀವೇಯ. ಇನ್ಮ್ಯಾಕೆ ನಿಮ್ದೇ ಅದು. ವಾಪಸ್ ಕೊಡಂಗಿಲ್ಲ."

"ಬಿಚ್ಚಿಡ್ಲಾ ಟೋಪೀನ. ಅಂಗೀನೂ ಬಿಚ್ಚು. ನಡಿ ಆಚೆಗೆ, ಬೇವರ್ಸಿ."

ಸಮ್ಮೊಲ ಎರಡನ್ನೂ ಬಿಚ್ಚಿ ಕೈಗೆ ಕೊಟ್ಟ. ಒಳಗಿದ್ದುದು ತೂತು ಬಿದ್ದ ಬನಿಯನ್ನು. ಹೊರಗೆ ಉಸಿರು ಹೆಪ್ಪುಗಟ್ಟುವ ಚಳಿ, ಅವನ ಕೋಟು ಅಡಿಗೆಮನೆಯ ಗೂಟದಲ್ಲಿ. ಬಂಡಾಯ ಏಳುವ ಮುಂಚೆ ಕೋಟು ಹಾಕಿಕೊಳ್ಳಬೇಕೆಂದು ಅವನಿಗೆ ಯಾವ ಶಾಲೆಯಲ್ಲೂ ಹೇಳಿಕೊಟ್ಟಿರಲಿಲ್ಲ. ಹಲ್ಲು ಕಟಕಟಿಸುತ್ತ, ಹಾಡು ನಿಲ್ಲಿಸಿ, ಬಾಗಿಲ ಕಡೆ ನಡೆದ.

ಹಾಡು ನಿಲ್ಲಲಿಲ್ಲ. ರಿಸ್ತೆನ್ ಪಾತ್ರೆ ಕೆಳಗಿಟ್ಟು ಹಾಡನ್ನು ಎತ್ತಿಕೊಂಡಿದ್ದಳು.

"ಏಯ್ ಮುದ್ಕಿ," ಎಂದು ಧಣಿ ಅವಳತ್ತ ಹೊರಟ. ಎರಡು ಹೆಜ್ಜೆಗೇ ತನ್ನ ಹೆಜ್ಜೆ ತನಗೇ ಕೇಳಿಸಿತು. ನಡಿಗೆ ಬದಲಿಸಿದ, ಸಣ್ಣ ಸಣ್ಣ ಹೆಜ್ಜೆ ಇಟ್ಟ. ಅವಳೂ ಸಣ್ಣ ಮಾಡಿದಳು. ಹೆಯ್ಕ ದನಿಗೂಡಿಸಿದ, ಕಾಫಿಯ ಹುಡುಗಿ ದನಿಗೂಡಿಸಿದಳು. ಧಣಿ ನಡುಡೇರೆಯಲ್ಲಿ ನಿಂತುಬಿಟ್ಟ. ಪ್ಯಾಂಟು ಜಾರತೊಡಗಿತ್ತು. ಎರಡೂ ಕೈ ಬಿಗಿಹಿಡಿದು, ಎಳೆದುಕೊಳ್ಳದೆ ನಿಂತ. ರಿಸ್ತೆನ್ ಪ್ಯಾಂಟು ಮೇಲೇರುವ ಆ ಕೊನೆಯ ಜಿಗಿತಕ್ಕೆ ಮುಂಚಿನ ಸ್ವರವನ್ನು ಎಳೆದು ಹಿಡಿದು, ಅವಸರವಿಲ್ಲದೆ, ಅವನ ಕೈ ನೋಡುತ್ತ ಕಾಯ್ದಳು.