ಕಾರ್ಖಾನೆ ಗುಡ್ಡದ ಅಣಬೆ

ಅಕ್ಕತಂಗಿಯರಿಬ್ಬರಲ್ಲಿ ದೊಡ್ಡವಳಿಗೆ ಆಹಾರ ಪರೀಕ್ಷಾಲಯದಲ್ಲಿ ಪುಡಿ ಮಾಡುವ ಕೆಲಸ. ಕಾಳಾಗಲಿ, ಮೀನಾಗಲಿ, ಸೊಪ್ಪಾಗಲಿ, ಬಂದದ್ದನ್ನು ಒಣಗಿಸಿ, ನುಣ್ಣಗೆ ಅರೆದು, ಅರ್ಧ ಗ್ರಾಂ ತೂಗಿ, ಆಮ್ಲದಲ್ಲಿ ಕರಗಿಸಿ ಕೊಟ್ಟರೆ ಅವಳ ಪಾಲಿನದು ಮುಗಿಯಿತು. ಮುಂದಿನದನ್ನು ಒಳಕೋಣೆಯ ಯಂತ್ರ ನೋಡಿಕೊಳ್ಳುತ್ತದೆ, ಯಂತ್ರವನ್ನು ಮೇಷ್ಟ್ರು ನೋಡಿಕೊಳ್ಳುತ್ತಾರೆ. ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಎಲ್ಲರ ತಪ್ಪಿಗೂ ಕೆಂಪು ಗೆರೆ ಎಳೆಯುವ ಚಟದಿಂದ ಅಂಟಿಕೊಂಡ ಹೆಸರು ಅದು. ಹನ್ನೊಂದು ವರ್ಷದಲ್ಲಿ ಅವಳು ಫಲಿತಾಂಶದ ಹಾಳೆ ಓದಿದ್ದು ಅಪರೂಪ. ಆ ಮಂಗಳವಾರ ಓದಿದ್ದು ಕೂಡ ಹಾಳೆ ಕಣ್ಣೆದುರಿಗೇ ಬಿದ್ದಿತ್ತು ಅಂತ.

ಯಾವುದೋ ಅಂಗಡಿಯಿಂದ ತಂದ ಒಣ ಕಾಡಣಬೆಯ ಪೊಟ್ಟಣ. ಕ್ಯಾಡ್ಮಿಯಂ ಮಿತಿಗಿಂತ ಏಳು ಪಟ್ಟು, ಸೀಸ ಮೂರು ಪಟ್ಟು. ಅದರ ಕೆಳಗೆ ಅಣಬೆ ಕಿತ್ತ ಜಾಗ: ಸೀಸ ಕರಗಿಸುತ್ತಿದ್ದ ಹಳೇ ಕಾರ್ಖಾನೆಯ ಹಿಂದಿನ ಗುಡ್ಡ.

ಅವಳು ಆ ಸಾಲನ್ನು ಮತ್ತೊಮ್ಮೆ ಓದಿದಳು. ವಾರಕ್ಕೆರಡು ಸಲ ಬುಟ್ಟಿ ಹಿಡಿದು ಆ ಗುಡ್ಡ ಹತ್ತುವವಳು ಅವಳ ಅಮ್ಮ.

ಅಮ್ಮನನ್ನು ಬೀದಿಯೆಲ್ಲ ಅಣಬೆಯಮ್ಮ ಅಂತಲೇ ಕರೆಯುತ್ತಿತ್ತು. ನಲವತ್ತು ವರ್ಷದ ಕೈ. ಅಣಬೆಯ ಕೊಡೆಯನ್ನು ಮಗುಚಿ ನೋಡಿ, ಮೂಸಿ, ಕಾಂಡ ಮುರಿದು ಬಣ್ಣ ತಿರುಗುತ್ತದೋ ಅಂತ ಕಾದು, ಆಮೇಲೆ ಒಂದು ಮಾತು ಹೇಳುವಳು. ಅವಳು ಹೂಂ ಅಂದರೆ ಜನ ತಿಂದರು, ಊಹೂಂ ಅಂದರೆ ಎಸೆದರು. ಇಷ್ಟು ವರ್ಷದಲ್ಲಿ ಒಬ್ಬರಿಗೂ ಹೊಟ್ಟೆ ನುಲಿದಿರಲಿಲ್ಲ. ಈಗ ಮನೆಯಲ್ಲಿ ಚಿಕ್ಕವಳೂ ಇದ್ದಳು, ಆರು ತಿಂಗಳ ಬಸುರಿ. ಓಡಾಡಬೇಡ ಅಂತ ಡಾಕ್ಟರು ಹೇಳಿದ್ದಕ್ಕೆ ಎರಡು ತಿಂಗಳಿಂದ ಅಮ್ಮನ ಮನೆಯಲ್ಲೇ ಬಿದ್ದುಕೊಂಡಿದ್ದಳು. ಏನು ತಿಂದರೂ ವಾಂತಿ. ಅಮ್ಮನ ಅಣಬೆ ಸೂಪೊಂದೇ ಹೊಟ್ಟೆಯಲ್ಲಿ ನಿಲ್ಲುತ್ತಿತ್ತು. ತಂಗಿ ಬಟ್ಟಲು ನೆಕ್ಕುವುದನ್ನು ನೋಡಿ ದೊಡ್ಡವಳೂ ಹಿಗ್ಗಿದ್ದಳು.

ಅವತ್ತು ಸಂಜೆ ಮನೆಗೆ ಹೋದವಳೇ ಅಡುಗೆಮನೆಯ ಕಪಾಟಿನ ಜಾಡಿಯಿಂದ ಒಂದು ಹಿಡಿ ಅಣಬೆ ತೆಗೆದು ಕೈಚೀಲಕ್ಕೆ ಹಾಕಿಕೊಂಡಳು. ಮಾರನೆಯ ಬೆಳಿಗ್ಗೆ ಪರೀಕ್ಷಾಲಯದ ಮೇಲಧಿಕಾರಿ ಮೇಡಂ ಎದುರು ನಿಂತಳು.

"ಮನೇದು, ಮೇಡಂ. ನೋಡಿಕೊಡಬೇಕು."

"ಅರ್ಜಿ ತುಂಬು," ಅಂದರು ಮೇಡಂ. "ಆದ್ರೆ ಬಂದ ಉತ್ತರಾನ ಆಮೇಲೆ ಮುಚ್ಚಿಡೋಕೆ ಆಗಲ್ಲ. ಆರೋಗ್ಯ ಇಲಾಖೆಗೆ ಹೋಗೇ ಹೋಗುತ್ತೆ. ಯೋಚನೆ ಮಾಡಿದೀಯ?"

ಯೋಚನೆ ಮಾಡಿದ್ದಳು. ಆದರೂ 'ಸಂಗ್ರಹಿಸಿದವರು' ಅನ್ನುವ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ಹೆತ್ತ ತಾಯಿಯ ಮೇಲೆ ದೂರು ಬರೆದುಕೊಟ್ಟ ಹಾಗನ್ನಿಸಿತು. ಬರೆದಳು. ತಕ್ಕಡಿಯ ಮುಂದೆ ಕೂತಾಗ ಅರ್ಧ ಗ್ರಾಂ ಪುಡಿ ತೂಗಲು ಮೂರು ಸಲ ಬೇಕಾಯಿತು. ಶುಕ್ರವಾರ ಉತ್ತರ ಕೊಡುತ್ತೇನೆ ಅಂದರು ಮೇಷ್ಟ್ರು.

ಆ ಎರಡು ದಿನ ಅವಳಿಗೆ ಮುಳ್ಳಿನ ಮೇಲೆ ನಿಂತಂತಾಯಿತು. ಉತ್ತರ ಬರುವ ತನಕ ಅಮ್ಮನಿಗೆ ಹೇಳುವುದು ಬೇಡ ಅಂದುಕೊಂಡಿದ್ದಳು. ಬುಧವಾರ ಸಂಜೆ ಅವಳು ಬರುವಷ್ಟರಲ್ಲಿ ಚಿಕ್ಕವಳು ಸೂಪು ಕುಡಿದು ಮುಗಿಸಿದ್ದಳು. ಗುರುವಾರ ಕೆಲಸ ಬೇಗ ಮುಗಿಸಿ ಓಡಿ ಬಂದಳು. ಒಲೆಯ ಮೇಲೆ ಪಾತ್ರೆ ಕುದಿಯುತ್ತಿತ್ತು. ನಾನು ಬಡಿಸುತ್ತೇನೆ ಅಂತ ಇಕ್ಕಳ ಹಿಡಿದು ಎತ್ತಿ, ಮೋರಿಯ ಹತ್ತಿರ ಬಂದು, ಕೈಬಿಟ್ಟಳು. ಸೂಪೆಲ್ಲ ಹರಿದುಹೋಯಿತು.

"ಕೈ ಜಾರಿತು," ಅಂದಳು.

ಅಮ್ಮ ಒರೆಸುವ ಬಟ್ಟೆ ತರಲಿಲ್ಲ. ಅವಳ ಮುಖವನ್ನೇ ನೋಡಿದಳು. "ಹನ್ನೊಂದು ವರ್ಷದಿಂದ ಗಾಜಿನ ಸಾಮಾನು ಹಿಡಿಯೋ ಕೈ ಅದು. ಜಾರೋ ಕೈಯಲ್ಲ. ಏನಾಗಿದೆ ಹೇಳು."

ಹೇಳಲೇಬೇಕಾಯಿತು. ಪೊಟ್ಟಣದ ವಿಷಯ, ಗುಡ್ಡದ ವಿಷಯ, ಜಾಡಿಯಿಂದ ಕದ್ದು ಒಯ್ದ ವಿಷಯ. ಒಳಗೆ ಮಲಗಿದ್ದ ಚಿಕ್ಕವಳಿಗೆ ಕೇಳಿಸಬಾರದು ಅಂತ ಪಿಸುದನಿಯಲ್ಲಿ ಹೇಳಿದಳು. ಅಮ್ಮನ ಮುಖ ಕಪ್ಪಿಟ್ಟಿತು.

"ಹಾಗಾದ್ರೆ ನನ್ನ ಮಗಳಿಗೆ ನಾನೇ ವಿಷ ಹಾಕಿದೆ ಅಂತೀಯ?"

"ಹಾಗಲ್ಲಮ್ಮ. ಅಣಬೆ ಒಳ್ಳೇದೇ, ನೀನು ಗುರುತು ಹಿಡಿದದ್ದೂ ಸರಿಯೇ. ಮಣ್ಣು ಕೆಟ್ಟಿದೆ. ಮಣ್ಣಲ್ಲಿರೋದನ್ನ ಅದು ಹೀರ್ಕೊಳ್ಳುತ್ತೆ."

"ಕಾರ್ಖಾನೆ ಮುಚ್ಚಿ ಇಪ್ಪತ್ತು ವರ್ಷ ಆಯ್ತು."

"ಮಣ್ಣಿಗೆ ಅದು ಗೊತ್ತಿಲ್ವಲ್ಲ."

ಚಿಕ್ಕವಳಿಗೆ ಅಂದು ಬ್ರೆಡ್ಡು, ಹಾಲು ಕೊಟ್ಟರು. ಅವಳು ಮುಖ ಸಿಂಡರಿಸಿಕೊಂಡು ತಿಂದು, ಸ್ವಲ್ಪ ಹೊತ್ತಿನಲ್ಲೇ ಕಕ್ಕಿಕೊಂಡಳು.

ಶುಕ್ರವಾರ ಮಧ್ಯಾಹ್ನ ಮೇಷ್ಟ್ರು ಹಾಳೆಯನ್ನು ತಾವೇ ತಂದರು. ಎಂದೂ ಹಾಗೆ ತಂದವರಲ್ಲ. "ಯಂತ್ರದಲ್ಲಿ ಎರಡು ಸಲ ಓಡಿಸಿದೆ," ಅಂದರು. "ತಪ್ಪಿದ್ರೆ ಚೆನ್ನಾಗಿತ್ತು." ಕ್ಯಾಡ್ಮಿಯಂ ಒಂಬತ್ತು ಪಟ್ಟು, ಸೀಸ ನಾಲ್ಕು ಪಟ್ಟು. ದೊಡ್ಡವಳು ಹಾಳೆ ಮಡಚಿ ಕೈಚೀಲಕ್ಕೆ ಹಾಕಿಕೊಂಡಳು.

ಮನೆಯಲ್ಲಿ ಅಮ್ಮ ಹಾಳೆ ಕೇಳಲಿಲ್ಲ. "ಮೂರು ಸಲ ಕುದಿಸಿ ನೀರು ಚೆಲ್ಲಿದ್ರೆ?" ಅಂದಳು.

"ಕಬ್ಬಿಣದ ಮೊಳೆ ಕುದಿಸಿದ್ರೆ ಮೊಳೆ ಹೋಗುತ್ತೇನಮ್ಮ?"

ಅಮ್ಮ ಎದ್ದು ಬುಟ್ಟಿ ತೆಗೆದುಕೊಂಡಳು. ದೊಡ್ಡವಳು ಗಾಬರಿಯಾಗಿ ಹಿಂದೆಯೇ ಹೊರಟಳು. ಅಮ್ಮ ಗುಡ್ಡದ ಕಡೆ ಹೋಗಲಿಲ್ಲ. ಪಕ್ಕದ ಮನೆಯ ಬಾಗಿಲು ಬಡಿದಳು. ಈ ವರ್ಷ ಒಣಗಿಸಿದ ಅಣಬೆಯನ್ನು ಬೀದಿಯ ಹದಿಮೂರು ಮನೆಗೆ ಹಂಚಿದ್ದಳು. ಒಂದೊಂದೇ ಬಾಗಿಲಲ್ಲಿ ನಿಂತು, "ನಾನು ಕೊಟ್ಟ ಜಾಡಿ ವಾಪಸ್ ಕೊಡಿ, ಅದರಲ್ಲಿ ಸೀಸ ಇದೆಯಂತೆ," ಅಂದಳು. ಸುತ್ತಿ ಬಳಸಿ ಹೇಳಲಿಲ್ಲ.

ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ ನಕ್ಕ. "ಅಣಬೆಯಮ್ಮ ಕೊಟ್ಟಿದ್ದನ್ನ ಕಣ್ಣು ಮುಚ್ಚಿ ತಿನ್ನಬಹುದು ಬಿಡಿ."

"ಅದಕ್ಕೇ ವಾಪಸ್ ಕೇಳ್ತಿರೋದು," ಅಂದಳು ಅಮ್ಮ.

ಹನ್ನೊಂದು ಜಾಡಿ ಸಿಕ್ಕಿದವು. ಎರಡು ಮನೆಯಲ್ಲಿ ಖಾಲಿಯಾಗಿದ್ದವು. ಅದರಲ್ಲೊಂದು ಮನೆಯಲ್ಲಿ ಸಣ್ಣ ಮಕ್ಕಳಿದ್ದರು. ಆ ತಾಯಿ ಬಾಗಿಲು ಹಾಕಿಕೊಂಡಳು. ಹಾಕಿದ ಬಾಗಿಲನ್ನು ನೋಡುತ್ತ ಅಮ್ಮ ಎಷ್ಟು ಹೊತ್ತು ನಿಂತಳೆಂದರೆ, ದೊಡ್ಡವಳೇ ತೋಳು ಹಿಡಿದು ಕರೆತರಬೇಕಾಯಿತು. ಜಾಡಿಗಳೆಲ್ಲ ಸೋಮವಾರ ಪರೀಕ್ಷಾಲಯಕ್ಕೆ ಹೋದವು. ಅಲ್ಲಿಂದ ಇಲಾಖೆಗೆ ಕಾಗದ ಹೋಯಿತು, ಗುಡ್ಡದ ದಾರಿಗೆ ಫಲಕ ಬಂತು. ಆ ಮಕ್ಕಳ ರಕ್ತವನ್ನೂ ಇಲಾಖೆಯವರೇ ಪರೀಕ್ಷೆ ಮಾಡಿಸಿದರು, ಗಾಬರಿಪಡುವಂಥದ್ದೇನೂ ಇರಲಿಲ್ಲ. ಆದರೂ ಆ ತಾಯಿ ಅಮ್ಮನ ಜೊತೆ ಮಾತು ಬಿಟ್ಟಳು.

ಚಿಕ್ಕವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ದಿನ ಮೂವರೂ ಹೋದರು. ವಿಷಯ ಗೊತ್ತಾದಾಗಿನಿಂದ ಚಿಕ್ಕವಳು ಹೊಟ್ಟೆಯ ಮೇಲಿಂದ ಕೈ ತೆಗೆದಿರಲಿಲ್ಲ. ಡಾಕ್ಟರಮ್ಮ ರಕ್ತ ಪರೀಕ್ಷೆಗೆ ಬರೆದುಕೊಟ್ಟು, ಎಷ್ಟು ದಿನ ತಿಂದಿರಿ, ದಿನಕ್ಕೆಷ್ಟು ಅಂತೆಲ್ಲ ಕೇಳಿದರು. ಆಮೇಲೆ ಪೆನ್ನು ಕೆಳಗಿಟ್ಟು, "ಇದನ್ನ ಕಿತ್ತು ತರೋರು ಯಾರು?" ಅಂದರು.

"ನಾನು," ಅಂದಳು ಅಮ್ಮ.

"ನೀವು ಎಷ್ಟು ವರ್ಷದಿಂದ ತಿಂತಿದೀರಿ?"

ಒಂದು ವಾರದಿಂದ ತಂಗಿಯ ಹೊಟ್ಟೆಯನ್ನು ನೋಡಿದ್ದೇ ನೋಡಿದ್ದು. ಅಮ್ಮನ ಕಡೆ ತಿರುಗಿ ನೋಡಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ.

"ನನ್ನದೇನು ಬಿಡಿ," ಅಂದಳು ಅಮ್ಮ. ಡಾಕ್ಟರಮ್ಮ ಬಿಡಲಿಲ್ಲ.

ಚಿಕ್ಕವಳ ರಕ್ತದಲ್ಲಿ ಸೀಸ ಇರಬೇಕಾದ್ದಕ್ಕಿಂತ ಚೂರು ಜಾಸ್ತಿ ಇತ್ತು. ಬೇಗ ನಿಲ್ಲಿಸಿದ್ದು ಒಳ್ಳೆಯದಾಯಿತು ಅಂದರು, ಕಬ್ಬಿಣದ ಮಾತ್ರೆ ಕೊಟ್ಟರು, ಒಂದು ತಿಂಗಳು ಬಿಟ್ಟು ಮತ್ತೆ ನೋಡಿದಾಗ ಇಳಿದಿತ್ತು. ಅಮ್ಮನದು ಹಾಗಿರಲಿಲ್ಲ. ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಮನೆ ಮಾಡಿಕೊಂಡಿತ್ತು. ಒಮ್ಮೆ ಸೇರಿದರೆ ಹತ್ತಾರು ವರ್ಷ ಹೊರಗೆ ಹೋಗುವುದಿಲ್ಲವಂತೆ. ಅದಕ್ಕೆ ಔಷಧವಿಲ್ಲ, ಇನ್ನಷ್ಟು ಸೇರದಂತೆ ನೋಡಿಕೊಳ್ಳಬೇಕು, ಮೂರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಬೇಕು.

ಚಿಕ್ಕವಳಿಗೆ ಹೆಣ್ಣುಮಗು ಹುಟ್ಟಿತು, ತೂಕ ಸರಿಯಾಗಿತ್ತು. ಆದರೂ ಅದು ಅತ್ತಾಗ, ಅಳದೆ ಇದ್ದಾಗ, ಸ್ವಲ್ಪ ಜಾಸ್ತಿ ಮಲಗಿದಾಗ ಮೂವರೂ ಓಡಿಹೋಗಿ ನೋಡುತ್ತಾರೆ.

ಅಮ್ಮನ ಎರಡನೇ ಪರೀಕ್ಷೆಯ ದಿನ ಆಸ್ಪತ್ರೆಯ ಮೊಗಸಾಲೆಯಲ್ಲಿ ದೊಡ್ಡವಳು ಉಗುರು ಕಚ್ಚುತ್ತ ಕೂತಿದ್ದಳು.

"ಯಾಕೆ ಹಾಗೆ ಮುಖ ಇಳಿಬಿಟ್ಟಿದೀಯ? ಪರೀಕ್ಷೆ ನನಗೆ, ನಿನಗಲ್ಲ," ಅಂದಳು ಅಮ್ಮ. ಆಮೇಲೆ ತಟ್ಟನೆ ಅವಳ ಕಡೆ ತಿರುಗಿದಳು. "ಅಲ್ಲ ಕಣೇ, ನೀನೂ ಚಿಕ್ಕಂದಿನಿಂದ ತಿಂದವಳೇ ಅಲ್ವಾ? ನಿನ್ನದು ನೋಡಿಸಿದ್ಯಾ?"

ದೊಡ್ಡವಳು ನೋಡಿಸಿರಲಿಲ್ಲ. ನಾಳೆ ಮಾಡಿಸಿದರಾಯಿತು ಅಂದಳು. ಅಮ್ಮ ಕೇಳಲಿಲ್ಲ, ನರ್ಸನ್ನು ಕರೆದು, ಇವಳದೂ ತಗೊಳ್ಳಿ ಅಂತ ಪಟ್ಟು ಹಿಡಿದು ಕೂತಳು.

ಉತ್ತರ ಬಂದಾಗ ಅಮ್ಮನದು ಹಿಂದಿನಷ್ಟೇ ಇತ್ತು, ಏರಿರಲಿಲ್ಲ. ದೊಡ್ಡವಳದು ಮಿತಿಯ ಒಳಗೇ ಇತ್ತು, ಅಂಚಿನಲ್ಲಿ. ಮುಂದಿನ ಸಲ ಇಬ್ಬರೂ ಬನ್ನಿ ಅಂದರು ಡಾಕ್ಟರಮ್ಮ.