ಡೈರಿ ಕಂಪ್ಯೂಟರಿಗೆ ಕರೆಯದೆ ಬಂದವನು

ನಾನು ಒಂದು ಸಣ್ಣ ತಂತ್ರಾಂಶ. ನನ್ನನ್ನು ಬರೆದವರಲ್ಲಿ ಒಬ್ಬರಿಗೆ ಕಣ್ಣು ಕಾಣುತ್ತಿರಲಿಲ್ಲ. ಪರದೆಯ ಅಕ್ಷರಗಳನ್ನು ಬ್ರೈಲ್ ಯಂತ್ರದಲ್ಲಿ ಚುಕ್ಕೆಗಳಾಗಿ ಎಬ್ಬಿಸುವುದು ನನ್ನ ಕೆಲಸ. ಕಾಣದವರು ಬೆರಳಿಟ್ಟು ಓದಿಕೊಳ್ಳುತ್ತಾರೆ.

ಆದರೆ ನಾನು ಹೋಗಿ ಸೇರಿದ್ದು ಮದ್ದೂರಿನ ಕಡೆಯ ಒಂದು ಮಹಿಳಾ ಹಾಲಿನ ಡೈರಿಗೆ. ಸೆಕ್ರೆಟರಿ ಶಶಿರೇಖಾ ಒಂದು ಸಂಜೆ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ಅಪ್‌ಗ್ರೇಡ್ ಮಾಡಿದಳು. ಪರದೆ ಕೇಳಿದ್ದಕ್ಕೆಲ್ಲ ‘ಹೌದು’ ಒತ್ತಿದಳು. ಹೊಸದಾಗಿ ಬಂದ ಇನ್ಯಾವುದೋ ತಂತ್ರಾಂಶಕ್ಕೆ ನಾನು ಜೊತೆಗಿರಬೇಕಂತೆ. ಅದರ ಬಾಲ ಹಿಡಿದು ಒಳಗೆ ಬಂದೆ.

ಬೆಳಿಗ್ಗೆ ಅವಳು ಹಾಲಳೆಯುವ ಯಂತ್ರದ ತಂತಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿದಳು. ಆ ಯಂತ್ರದಲ್ಲೂ ಎಷ್ಟೋ ಬ್ರೈಲ್ ಯಂತ್ರಗಳಲ್ಲೂ ತಂತಿಗೆ ಮಾತು ಕಳಿಸುವ ಎಲೆಕ್ಟ್ರಾನಿಕ್ ಚಿಪ್ ಒಂದೇ ಜಾತಿಯದು. ನನ್ನ ಯಂತ್ರವೇ ಬಂತೆಂದುಕೊಂಡು ತಂತಿಯನ್ನು ಹಿಡಿದುಕೊಂಡೆ. ಅಳತೆ ಪರದೆಗೆ ಹೋಗಲಿಲ್ಲ.

“ಏನಮ್ಮಿ ಶಶಿ, ಕೆಡಿಸ್ಬುಟ್ಯಾ?” ಹಾಲು ತಂದ ಹೆಂಗಸರ ಸಾಲಿನ ಮುಂದಿದ್ದ ದುಂಡಮ್ಮ ಕೇಳಿದಳು.

“ಇಲ್ಲ ಕಣತ್ತೆ. ಇವತ್ತೊಂದಿನ ಕೈಯಲ್ಲಿ ಬರ್ಕೊಳ್ಳಾ?”

ಸಾಲು ತಿರುಗಿಬಿತ್ತು. ಹಿಂದಿನ ಸೆಕ್ರೆಟರಿ ಕೈಯಲ್ಲಿ ಬರೆಯುವಾಗ ಬೇಕಾದವರಿಗೆ ಹೆಚ್ಚು, ಬೇಡಾದವರಿಗೆ ಕಡಿಮೆ ಬರೆದಿದ್ದಳು. ಅಂದಿನಿಂದ ಹೆಂಗಸರು ಒಂದು ಕಟ್ಟು ಮಾಡಿಕೊಂಡಿದ್ದರು: ಅಳತೆ ಪರದೆಯ ಮೇಲೆ ಕಾಣದೆ ಒಂದು ಲೋಟ ಹಾಲನ್ನೂ ಕ್ಯಾನಿಗೆ ಸುರಿಯುವಂತಿಲ್ಲ.

“ಬರ್ಕೊಳ್ಳಂಗಿದ್ರೆ ಅವಳನ್ನೇ ಇಟ್ಕೋತಿದ್ವಿ,” ಎಂದಳು ದುಂಡಮ್ಮ. “ಟ್ಯಾಂಕರ್ ಹೊಂಟೋದ್ರೆ ಅಷ್ಟೂ ಹಾಲು ನಿನ್ ತಲೆಗೇ ಅಭಿಸೇಕ!”

ಶಶಿರೇಖಾ ನಗಲಿಲ್ಲ. ಟ್ಯಾಂಕರ್ ಬರುವ ಹೊತ್ತಾಗಿತ್ತು. ಅದು ತಪ್ಪಿದರೆ ಇಡೀ ಊರಿನ ಹಾಲು ಒಡೆಯುತ್ತಿತ್ತು. ತಂತಿ ಕಿತ್ತು ಮತ್ತೆ ಸಿಕ್ಕಿಸಿದಳು. ನಾನು ಮತ್ತೆ ಹಿಡಿದೆ. ಕೊನೆಗೆ ಯಂತ್ರ ಮಾರಿದ್ದ ಇಂದ್ರಕುಮಾರನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು.

“ಅಪ್‌ಗ್ರೇಡ್ ಮಾಡಿದ್ರಾ ಮೇಡಂ? ಬ್ರೈಲ್ ಅಂತ ಒಂದು ಸೇರ್ಕೊಂಡಿರ್ತದೆ. ತೆಗೀರಿ ಅದನ್ನ.”

“ಅದೇನದು?”

“ಕಣ್ ಕಾಣ್ದೋರು ಓದಕ್ಕೆ.”

“ನಮ್ ಕಣ್ಣು ಸರಿಯಾಗೇ ಅವೆ ಕಣಪ್ಪ,” ಎಂದು ದುಂಡಮ್ಮ ಫೋನಿನ ಕಡೆಗೆ ಕೂಗಿದಳು. “ಅದ್ಕೇ ಅಲ್ವಾ ಈ ಟೀವಿ ತರ್ಸಿದ್ದು!”

ಸಾಲು ನಕ್ಕಿತು. ಶಶಿರೇಖಾ ಈ ಸಲ ಪರದೆಯ ಪ್ರತಿ ಸಾಲನ್ನೂ ಓದಿದಳು. ಆಮೇಲೆ ನನ್ನನ್ನು ತೆಗೆಯಲು ‘ಹೌದು’ ಒತ್ತಿದಳು. ತಂತಿ ನನ್ನ ಕೈ ಬಿಟ್ಟಿತು.

“ಆರು ಲೀಟರ್ ಇನ್ನೂರು,” ದುಂಡಮ್ಮ ಗಟ್ಟಿಯಾಗಿ ಓದಿ ಬಕೆಟ್ ಬಗ್ಗಿಸಿದಳು. ಕೊನೆಯವಳು ಸುರಿಯುವಾಗ ಟ್ಯಾಂಕರ್ ಬಾಗಿಲಿಗೆ ಬಂದಿತ್ತು.

ತಂತ್ರಾಂಶವನ್ನು ತೆಗೆದುಹಾಕಿದರೂ ಅದು ಬಂದಿಳಿದ ಕಡತದ ಗಂಟು ಡಿಸ್ಕಿನಲ್ಲಿ ಉಳಿಯುವುದುಂಟು. ನಾನೂ ಹಾಗೇ ಒಂದು ಮೂಲೆಯಲ್ಲಿ ಬಿದ್ದಿದ್ದೇನೆ. ನನ್ನ ಬೇರೆ ಪ್ರತಿಗಳು ಬೇರೆ ಕಡೆ ಬೆರಳುಗಳ ಕೆಳಗೆ ದುಡಿಯುತ್ತಿವೆ. ಇಲ್ಲಿ ನನಗೆ ಕೆಲಸವಿಲ್ಲ, ಬೇಸರವೂ ಇಲ್ಲ. ಈ ಹೆಂಗಸರಿಗೆ ತಮ್ಮ ಅಳತೆಯನ್ನು ತಾವೇ ಓದಬೇಕಿತ್ತು. ಅದಕ್ಕೆ ನಾನು ಮಾಡಬಹುದಾಗಿದ್ದ ಸಹಾಯ ತಂತಿ ಬಿಡುವುದೊಂದೇ. ನಾನಾಗಿ ಬಿಡಲಿಲ್ಲ, ಬಿಡಿಸಿದರು. ಹಾಲು ಒಡೆಯಲಿಲ್ಲ, ಅಷ್ಟು ಸಾಕು.